ಎದುರು ಮಾತಾಡೋದು ಕಲಿಯಲ್ವಾ?

"ಮಕ್ಕಳು ಅಪ್ಪ-ಅಮ್ಮನ ಜೊತೆ ಜಗಳ ಆಡುವ ಸಿನಿಮಾಗಳನ್ನೇ ಮಗಳಿಗೆ ತೋರಿಸ್ತೀಯಲ್ಲ, ಅವಳೂ ಅದನ್ನೇ ಕಲಿಯಲ್ವಾ?" ಮನೆಗೆ ಬಂದ ನೆಂಟರೆಲ್ಲ ಇದನ್ನು ಕೇಳಿದ್ದಾರೆ. ಅವಳಿಗೆ ಎದುರು ಮಾತಾಡೋದನ್ನು ಯಾರೂ ಕಲಿಸಬೇಕಾಗಲಿಲ್ಲ. ಹದಿಮೂರು ತುಂಬಿತು, ತಾನಾಗಿಯೇ ಬಂತು.

ನಾವಿಬ್ಬರೂ ಜಾಸ್ತಿ ಸಲ ನೋಡಿದ್ದು 2003ರ ‘ಫ್ರೀಕಿ ಫ್ರೈಡೇ’. ಮೇರಿ ರಾಜರ್ಸ್ 1972ರಲ್ಲಿ ಬರೆದ ಕಾದಂಬರಿಯಿಂದ ಬಂದದ್ದು. 1976ರಲ್ಲೂ ಅದು ಒಮ್ಮೆ ಸಿನಿಮಾ ಆಗಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಎದ್ದರೆ ಅಮ್ಮ ಮಗಳ ಮೈಯಲ್ಲಿ, ಮಗಳು ಅಮ್ಮನ ಮೈಯಲ್ಲಿ. ಅಮ್ಮನ ಪಾತ್ರ ಜೇಮೀ ಲೀ ಕರ್ಟಿಸ್, ಮಗಳು ಲಿಂಡ್ಸೆ ಲೋಹಾನ್. ಈ ಅಮ್ಮ ಮನಶ್ಶಾಸ್ತ್ರಜ್ಞೆ. ದಿನವಿಡೀ ಬೇರೆಯವರ ಗೋಳು ಕೇಳುವವಳು, ಶಿಕ್ಷೆ ಅಂತ ಮಗಳ ಕೋಣೆಯ ಬಾಗಿಲನ್ನೇ ಕಿತ್ತಿಡುತ್ತಾಳೆ! ನಾವು ಅಷ್ಟು ದೂರ ಹೋಗಲ್ಲ ಬಿಡಿ. "ಚಿಲಕ ಹಾಕ್ಕೊಂಡು ಏನ್ ಮಾಡ್ತಿದೀಯ" ಅಂತ ಬಾಗಿಲು ಬಡಿಯುತ್ತೇವೆ.

ನನಗೆ ನಾಟಿದ್ದು ಕ್ಲಾಸಿನ ಸೀನ್. ಇಂಗ್ಲಿಷ್ ಮೇಷ್ಟ್ರು ಸುಮ್ ಸುಮ್ನೆ ಫೇಲ್ ಮಾಡ್ತಾರೆ ಅಂದರೆ ಅಮ್ಮ ನಂಬಿರಲ್ಲ. ನಾನೂ ನಂಬ್ತಿರಲಿಲ್ಲ. ಮಗಳ ಜಾಗದಲ್ಲಿ ತಾನೇ ಹೋಗಿ ಕೂತಾಗ ಗುಟ್ಟು ತಿಳಿಯುತ್ತದೆ. ಆ ಮೇಷ್ಟ್ರು ಅಮ್ಮನ ಜೊತೆ ಹೈಸ್ಕೂಲಲ್ಲಿ ಓದಿದವನೇ. ಡ್ಯಾನ್ಸ್‌ಗೆ ಕರೆದು ಇವಳಿಂದ ಇಲ್ಲ ಅನ್ನಿಸಿಕೊಂಡವನು. ಆ ಸಿಟ್ಟನ್ನು ಈಗ ಮಗಳ ಮಾರ್ಕ್ಸ್ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ.

ಮಗಳನ್ನೂ ಸಿನಿಮಾ ಸುಮ್ನೆ ಬಿಡಲ್ಲ. ಅಮ್ಮನ ವೇಷದಲ್ಲಿ ತಮ್ಮನ ಶಾಲೆಗೆ ಹೋದರೆ, ದಿನಾ ಕಿತ್ತಾಡುವ ಆ ಪೋರ ಅಕ್ಕನನ್ನು ಹೊಗಳಿ ಪ್ರಬಂಧ ಬರೆದಿರುತ್ತಾನೆ. ಇಬ್ಬರೂ ಪೆದ್ದರಾಗುತ್ತಾರೆ, ಸರದಿ ಪ್ರಕಾರ. ಅದಕ್ಕೇ ನನ್ನ ಮಗಳು ಎದ್ದು ಹೋಗದೆ ಪೂರ್ತಿ ನೋಡುತ್ತಾಳೆ. ತಪ್ಪೆಲ್ಲ ಮಕ್ಕಳದ್ದೇ ಆಗಿದ್ದರೆ ಹತ್ತೇ ನಿಮಿಷಕ್ಕೆ ಮೊಬೈಲ್ ಹಿಡಿಯುತ್ತಿದ್ದಳು.

ಒಂದು ತಕರಾರಿದೆ. ಇದಕ್ಕೆಲ್ಲ ಕಾರಣ ಚೈನೀಸ್ ಹೋಟೆಲಿನ ಅಜ್ಜಿ ಕೊಟ್ಟ ಮಾಟದ ಬಿಸ್ಕತ್ತು. ಏಷ್ಯಾದವರು ಅಂದರೆ ಹಾಲಿವುಡ್‌ಗೆ ಬರೀ ಮಾಟ-ಮಂತ್ರನಾ?

ಬಾಗಿಲು ಕಾಣೆಯಾದ ಸೀನ್ ಬಂದಾಗ ಮಗಳು ಪರದೆ ಬಿಟ್ಟು ನನ್ನ ಮುಖ ನೋಡುತ್ತಾಳೆ. ಹೋದ ಸಲ ಸಿನಿಮಾ ಮುಗಿದ ಮೇಲೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಬಡಿಯಬಾರದು ಅಂದುಕೊಂಡೆ. ಹತ್ತು ನಿಮಿಷ ತಡೆದೆ, ಆಮೇಲೆ ಬಡಿದೆ. ಸಾರು ಆರಿ ಹೋಗ್ತಿತ್ತು.