ಐವತ್ತು ಮಿಲಿಗ್ರಾಮ್ ನೂರಕ್ಕೆ ಸಮವಾಗುವುದು ಹೇಗೆ?

ಮುಂಬೈಯಲ್ಲಿ ಮಳೆ ಹಿಡಿದರೆ ಗಜಕರ್ಣದ ಕಾಟ ಹೆಚ್ಚುತ್ತದೆ, ಆಗ ಔಷಧ ತಯಾರಿಕೆಯ ಪ್ರಯೋಗಾಲಯದಲ್ಲಿರುವ ನನ್ನನ್ನು ಮಾಟುಂಗಾದ ಕನ್ನಡ ಬಳಗದವರು ತಪ್ಪದೆ ಕೇಳುತ್ತಾರೆ: "ಮೊದಲು ಗಜಕರ್ಣಕ್ಕೆ ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧವನ್ನು 100 ಮಿಲಿಗ್ರಾಮ್ ಕೊಡುತ್ತಿದ್ದ ಡಾಕ್ಟರು ಈಗ 50ರ ಹೊಸ ಬಗೆಯದನ್ನು ಬರೆದಿದ್ದಾರೆ, ಡೋಸು ಅರ್ಧವಾಯಿತಲ್ಲವೇ?"

ಆಗಲಿಲ್ಲ. ಲೇಬಲ್ಲಿನ ಅಂಕಿ ನುಂಗಿದ್ದರ ಲೆಕ್ಕವೇ ಹೊರತು ರಕ್ತಕ್ಕೆ ಸೇರಿದ್ದರ ಲೆಕ್ಕವಲ್ಲ. ಕರುಳಿನ ಗೋಡೆಯನ್ನು ದಾಟುವುದು ಈ ಔಷಧಕ್ಕೆ ಕಷ್ಟವಲ್ಲ, ಅದಕ್ಕೆ ಮೊದಲು ಕರಗುವುದೇ ಕಷ್ಟ. ಜಠರದ ಆಮ್ಲದಲ್ಲಿ ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಮ್ ಕರಗುವ ಇದು ತಟಸ್ಥ ನೀರಿನಲ್ಲಿ ಸುಮಾರು 1 ನ್ಯಾನೋಗ್ರಾಮಿಗೇ, ಅಂದರೆ ಮೈಕ್ರೋಗ್ರಾಮಿನ ಸಾವಿರದಲ್ಲೊಂದು ಪಾಲಿಗೇ, ನಿಂತುಬಿಡುತ್ತದೆ.

ಹಳೆಯ ಬಗೆಯ ಕ್ಯಾಪ್ಸೂಲನ್ನು ಬಿಚ್ಚಿದರೆ ಸಾಬೂದಾಣಿಯಂಥ ಸಣ್ಣ ಗುಂಡುಗಳು ಉದುರುತ್ತವೆ. ಗುಂಡಿನ ತಿರುಳು ಬರೀ ಸಕ್ಕರೆ. ಔಷಧವನ್ನೂ ಹೈಪ್ರೊಮೆಲ್ಲೋಸ್ ಎಂಬ ಪಾಲಿಮರನ್ನೂ (ಉದ್ದ ಸರಪಳಿಯಂಥ ಅಣುಗಳ ವಸ್ತು) ಒಂದೇ ದ್ರಾವಕದಲ್ಲಿ ಕರಗಿಸಿ ಅದರ ಮೇಲೆ ಸಿಂಪಡಿಸಿ ಒಣಗಿಸಿರುತ್ತಾರೆ. ದ್ರಾವಕ ಬೇಗ ಆರಿಹೋಗುವುದರಿಂದ ಔಷಧದ ಅಣುಗಳಿಗೆ ಸಾಲಾಗಿ ಜೋಡಣೆಗೊಂಡು ಸ್ಫಟಿಕವಾಗಲು ಪುರುಸೊತ್ತು ಸಿಗುವುದಿಲ್ಲ. ಸ್ಫಟಿಕವನ್ನು ಒಡೆಯುವ ಶಕ್ತಿಯ ಖರ್ಚು ಉಳಿದು, ಔಷಧ ತನ್ನ ಸಹಜ ಮಿತಿಯನ್ನು ಮೀರಿ ಕರಗುತ್ತದೆ, ಮತ್ತು ಅದು ತಕ್ಷಣ ಗಟ್ಟಿಯಾಗಿ ತಳ ಸೇರದಂತೆ ಪಾಲಿಮರ್ ಸ್ವಲ್ಪ ಹೊತ್ತು ತಡೆದಿರುತ್ತದೆ. ಪರೀಕ್ಷೆಯ ಪಾತ್ರೆಯಲ್ಲಿ, 37 ಡಿಗ್ರಿಯ ಆಮ್ಲದೊಳಗೆ ಈ ಗುಂಡುಗಳು ಉಬ್ಬಿ, ಅವುಗಳ ಮೈ ಲೋಳೆಯಾಗುವುದು ಕಣ್ಣಿಗೇ ಕಾಣುತ್ತದೆ.

ಆದರೆ ಇದಕ್ಕೆ ಆಮ್ಲ ಬೇಕೇ ಬೇಕು. ಊಟ ಜಠರದಲ್ಲಿ ಆಮ್ಲ ಸುರಿಯುವಂತೆ ಮಾಡುತ್ತದೆ, ಹೊಟ್ಟೆತುಂಬ ಊಟವಾದ ಮೇಲೆ ತೆಗೆದುಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ. ಆಮ್ಲ ತಗ್ಗಿಸುವ ಒಮೆಪ್ರಜೋಲ್ ಜೊತೆಯಲ್ಲಿದ್ದರೆ ಹೀರಿಕೆ ಕುಸಿಯುತ್ತದೆ, ಅಂಥವರು ಕೋಲಾದೊಂದಿಗೆ ನುಂಗಬೇಕೆಂದು ಲೇಬಲ್ಲೇ ಹೇಳುತ್ತದೆ. (ನಮ್ಮಲ್ಲಿ ಇದನ್ನು ರೋಗಿಗೆ ವಿವರಿಸುವವರು ಕಡಿಮೆ.) ಇದೇ ಔಷಧದ ದ್ರವರೂಪವನ್ನು ಮಾತ್ರ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು, ಏಕೆಂದರೆ ಅಲ್ಲಿ ಸೈಕ್ಲೋಡೆಕ್ಸ್‌ಟ್ರಿನ್ ಅಣುಗಳು ಔಷಧವನ್ನು ತಮ್ಮ ಪೊಳ್ಳಿನೊಳಗೆ ಇಟ್ಟುಕೊಂಡು ಆಗಲೇ ಕರಗಿಸಿರುತ್ತವೆ.

ಹೊಸ ಬಗೆಯದರಲ್ಲಿ ಬದಲಾದದ್ದು ಪಾಲಿಮರ್. ಹೈಪ್ರೊಮೆಲ್ಲೋಸ್ ಥ್ಯಾಲೇಟ್ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗುವುದರಿಂದ ಔಷಧ ಹೀರಿಕೆಯ ಜಾಗದಲ್ಲೇ ಬಿಡುಗಡೆಯಾಗುತ್ತದೆ. ಹೆಚ್ಚು ಪಾಲು ರಕ್ತಕ್ಕೆ ಸೇರಿ, 50 ಮಿಲಿಗ್ರಾಮ್ ಹಳೆಯ 100ರ ಕೆಲಸ ಮಾಡುತ್ತದೆ. ಹಾಗೆಂದು ಎರಡು ಬಗೆಗಳನ್ನು ನೀವೇ ಅದಲುಬದಲು ಮಾಡಬೇಡಿ, ಅಂಗಡಿಯವನು ಮಾಡಿದರೂ ಒಪ್ಪಬೇಡಿ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಯಲ್ಲಿ ತುಂಬಿಡುವುದೂ ಬೇಡ, ಏಕೆಂದರೆ ಜುಲೈ ತಿಂಗಳ ಮುಂಬೈಯ ತೇವವನ್ನು ಪಾಲಿಮರ್ ಹೀರಿಕೊಂಡು ಮೆದುವಾದರೆ, ಚದುರಿದ್ದ ಅಣುಗಳು ಮತ್ತೆ ಸ್ಫಟಿಕವಾಗಲು ದಾರಿಯಾಗುತ್ತದೆ.