ನಮ್ಮ ನೂರಾ ಇಪ್ಪತ್ತು ಸರ್

ಕಾಲೇಜಿನಲ್ಲಿ ನಮಗೆ ಎಲೆಕ್ಟ್ರಾನಿಕ್ಸ್ ಕಲಿಸಿದ ನೂರಾ ಇಪ್ಪತ್ತು ಸರ್ ಹೋಗಿಬಿಟ್ಟರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾನೆಲ್ ಬಾಗಿಲು ತೆಗೆದು ಕೂತಿದ್ದೆ. ಕೈಯಲ್ಲಿ 120 ಓಮ್‌ನ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ, ಇತ್ತು. ಸುಳ್ಳಲ್ಲ.

ಆ ಹೆಸರು ಇಟ್ಟವರು ನಾವೇ. ಅವರ ಅಂಗಿ ಜೇಬಿನಲ್ಲಿ ಪೆನ್ನಿನ ಜೊತೆ ಯಾವಾಗಲೂ ನಾಲ್ಕೈದು 120 ಓಮ್ ಇರುತ್ತಿದ್ದವು. ಕೊನೆಯ ವರ್ಷ ಯಾವ್ಯಾವ ವಿಷಯ ಓದಿದೆವೋ ಒಂದೂ ನೆನಪಿಲ್ಲ. ಯಂತ್ರಗಳು ಎ, ಬಿ ಅನ್ನೋ ಎರಡು ತಂತಿ ಮೇಲೆ ದೂರದಿಂದ ಮಾತಾಡುವ ಪದ್ಧತಿ ಆರ್‌ಎಸ್ 485 ಮಾತ್ರ ಹಾಗೇ ಇದೆ. ಸರ್ ಹಗ್ಗದ ಒಂದು ತುದಿಯನ್ನು ಕಿಟಕಿಗೆ ಕಟ್ಟಿ ಇನ್ನೊಂದು ತುದಿ ಝಾಡಿಸುತ್ತಿದ್ದರು. "ನೋಡ್ರಿ, ಅಲೆ ಹೋಗಿ ವಾಪಸ್ ಬರತೈತಿ. ಅದನ್ನ ನುಂಗಾಕ ತುದಿಯೊಳಗ ಒಬ್ಬ ಇರಬೇಕು." ಆ ಒಬ್ಬನೇ 120 ಓಮ್. ಎರಡು ತಂತಿ ಯಾಕೆ ಅಂತ ಕೇಳಿದರೆ ಎತ್ತಿನ ನೊಗದ ಮಾತು. ಎರಡೂ ಎತ್ತು ಒಟ್ಟಿಗೆ ಹಳ್ಳಕ್ಕಿಳಿದರೆ ನೊಗ ವಾಲುವುದಿಲ್ಲ, ಆ ತುದಿಯಲ್ಲಿ ಕೇಳುವ ರಿಸೀವರ್ ನೋಡುವುದು ನೊಗ ಎತ್ತ ವಾಲಿದೆ ಅಂತ ಅಷ್ಟೇ. ಹೊರಗಿನ ಗದ್ದಲ ಎರಡೂ ತಂತಿಗೆ ಒಂದೇ ಥರ ಬಡಿಯುತ್ತದೆ, ಹಾಗಾಗಿ 200 ಮಿಲಿವೋಲ್ಟ್ ವ್ಯತ್ಯಾಸ ಸಿಕ್ಕರೂ ಸಾಕು.

ಈಗ ಹಾಸ್ಟೆಲ್ ಕಥೆ. ರಾತ್ರಿ 10ಕ್ಕೆ ಕರೆಂಟ್ ಬಂದ್. ಆಮೇಲೆ ಮೇಣದಬತ್ತಿ ಹಚ್ಚಿ ಇಸ್ಪೀಟು. ವಾರ್ಡನ್ ಯಾವಾಗ ಬರುತ್ತಾರೋ ಗೊತ್ತಾಗದು. ಗೇಟಿನ ಹತ್ತಿರ ಒಬ್ಬನನ್ನು ಕೂರಿಸಿ, ಅಲ್ಲಿಂದ ಬೇವಿನ ಮರಗಳ ಮೇಲೆ ಹಾಸ್ಟೆಲ್‌ವರೆಗೆ ಹಳೆಯ ಟೆಲಿಫೋನ್ ತಂತಿ ಎಳೆದೆವು. ಆ ಕಡೆ ಗುಂಡಿ, ಈ ಕಡೆ ಬಜರ್. ಲ್ಯಾಬಿನಿಂದ ಎತ್ತಿಕೊಂಡು ಬಂದ 75176, ಅಂದರೆ 485ರ ಮಾತು ಕಳಿಸುವ-ಕೇಳುವ ಚಿಪ್, ಹಾಕಿದೆವು. 9 ವೋಲ್ಟ್ ಬ್ಯಾಟರಿ ಬೆಳಗಾಗುವುದರೊಳಗೆ ಸತ್ತಿತ್ತು. ಆ ಚಿಪ್ ಸುಮ್ನೆ ಕೂತರೂ ನಲವತ್ತು ಮಿಲಿಆಂಪ್ ತಿನ್ನುತ್ತಿತ್ತು!

'ಪ್ರಾಜೆಕ್ಟ್‌ಗೆ' ಅಂತ ಸರ್ ಹತ್ತಿರ ಹೋದೆವು. ಅವರು ನಮ್ಮ ಮುಖ ಒಂದು ಸಲ ನೋಡಿ, ಡ್ರಾಯರ್‌ನಿಂದ ಎರಡು ಮ್ಯಾಕ್ಸ್ 485 ಚಿಪ್ ತೆಗೆದುಕೊಟ್ಟರು. ಅದೇ ಎಂಟು ಕಾಲು, ಅದೇ ಜಾಗ, ತಿನ್ನುವುದು ಮಾತ್ರ 0.3 ಮಿಲಿಆಂಪ್. ನಾವು ಕುಣಿಯುತ್ತಾ ಹೊರಟಾಗ ಹಿಂದಿನಿಂದ ಕೂಗಿದರು: "ಲೇ, 7805 ಹಾಕಿರೇನು? ಅದೊಂದ ಐದು ಮಿಲಿಆಂಪ್ ತಿಂತೈತಿ. ತಗದ ಒಗೀರಿ. ನಾಲ್ಕು ಪೆನ್ಸಿಲ್ ಸೆಲ್, ಒಂದು ಡಯೋಡ್ ಸಾಕು." 7805 ಅಂದರೆ 9 ವೋಲ್ಟನ್ನು 5ಕ್ಕೆ ಇಳಿಸುವ ಚಿಪ್. ಅದನ್ನು ತೆಗೆದ ಮೇಲೆ ಚಿಪ್ಪಿನ ಡೇಟಾಶೀಟಿನ 5 ವೋಲ್ಟಿಗಿಂತ ತುಸು ಜಾಸ್ತಿಯೇ ಆಯಿತು, ಆದರೆ ನಡೆಯಿತು.

ನಡೆದದ್ದು ಮೂರು ದಿನ. ನಾಲ್ಕನೆಯ ರಾತ್ರಿ ಎರಡು ಗಂಟೆಗೆ ಬಜರ್ ತಾನೇ ಕೂಗಿತು, ನಿಲ್ಲಲೇ ಇಲ್ಲ, ವಾರ್ಡನ್ ಎದ್ದು ಬಂದರು. ಗುಂಡಿ ಒತ್ತದಾಗ ಎರಡೂ ಕಡೆ ಡ್ರೈವರ್, ಅಂದರೆ ಚಿಪ್ಪಿನ ಕಳಿಸುವ ಭಾಗ, ಬಂದ್, ತಂತಿ ಯಾರ ಹಿಡಿತವೂ ಇಲ್ಲದೆ ತೇಲುತ್ತಿರುತ್ತದೆ. ನಾವು ಭಕ್ತಿಯಿಂದ ಎರಡೂ ತುದಿಗೆ 120 ಓಮ್ ಹಾಕಿದ್ದರಿಂದ ಎ ಮತ್ತು ಬಿ ಒಂದೇ ಮಟ್ಟದಲ್ಲಿದ್ದವು. ನೊಗ ಎತ್ತಲೂ ವಾಲಿರಲಿಲ್ಲ. ರಿಸೀವರ್ ತನಗೆ ತೋಚಿದ್ದು ಹೇಳಿತು.

ಮರುದಿನ ಸರ್ ಮುಂದೆ ನಿಂತೆವು. ಬೈಯಲಿಲ್ಲ. "ಗುಂಡಿ ಒತ್ತೋ ವೇಗಕ್ಕ ಅಲೆ ಗಿಲೆ ಏನಿಲ್ಲೋ, 120 ಎರಡೂ ಕೀಳ್ರಿ. ಎ ಮ್ಯಾಲ ಜಗ್ಗರಿ, ಬಿ ಕೆಳಗ ಜಗ್ಗರಿ, 4.7 ಕಿಲೋ ಸಾಕು." ಅಂದರೆ ಎ ತಂತಿಯನ್ನು ಬ್ಯಾಟರಿಯ ಪ್ಲಸ್ ಕಡೆಗೆ, ಬಿಯನ್ನು ಮೈನಸ್ ಕಡೆಗೆ 4.7 ಕಿಲೋ ಓಮ್ ರೆಸಿಸ್ಟರ್ ಮೂಲಕ ಕಟ್ಟಿದರೆ, ಯಾರೂ ಮಾತಾಡದಾಗಲೂ ನೊಗ ಒಂದೇ ಕಡೆ ವಾಲಿರುತ್ತದೆ. 120 ಕೀಳಿರಿ ಅಂತ ಆ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಆ ಸೆಮಿಸ್ಟರ್ ಪೂರ್ತಿ ಬಜರ್ ಒಂದೂ ಸುಳ್ಳು ಹೇಳಲಿಲ್ಲ. ಇಸ್ಪೀಟಿನಲ್ಲಿ ನಾನು ಸೋತ ದುಡ್ಡು ಬೇರೆ ಲೆಕ್ಕ.

ಹೋದ ವರ್ಷ ಪ್ರಾಜೆಕ್ಟ್ ಪರೀಕ್ಷೆಗೆ ನನ್ನನ್ನು ಕಾಲೇಜಿಗೆ ಕರೆದಿದ್ದರು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಹತ್ತು ಬೋರ್ಡಿನ 485 ಜಾಲ, ಎರಡು ದಿನದಿಂದ ಮಾತೇ ಇಲ್ಲ, ಹುಡುಗರು ಕೋಡ್ ತಿದ್ದುತ್ತಾ ಕೂತಿದ್ದರು. ರೆಡಿ ಮಾಡ್ಯೂಲ್ ತಂದಿದ್ದರು, ಪ್ರತಿಯೊಂದರ ಮೇಲೂ 120 ಓಮ್ ಬೆಸುಗೆ ಹಾಕಿಯೇ ಬಂದಿರುತ್ತದೆ. ಅವೇ ಎರಡು ತಂತಿಯ ನಡುವೆ ಹತ್ತೂ ಅಕ್ಕಪಕ್ಕ (ಪ್ಯಾರಲಲ್) ಸೇರಿದರೆ ಒಟ್ಟು ತಡೆ ಬರೀ 12 ಓಮ್, ಯಾವ ಡ್ರೈವರ್ ಎಳೆದೀತು? ನಡುವಿನ ಎಂಟನ್ನು ಕಿತ್ತೆ. ಜಾಲ ಮಾತಾಡಿತು. ಹುಡುಗರು ಚುರುಕಾಗಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ, ಆದರೆ ಮೀಟರ್ ಹಿಡಿದು ಎ, ಬಿ ನಡುವೆ ಎಷ್ಟಿದೆ ಅಂತ ನೋಡುವ ಅಭ್ಯಾಸವನ್ನು ಅವರಿಗೆ ಯಾರೂ ಮಾಡಿಸಿಲ್ಲ. ಮಾಡಿಸಲು ಪಾಠದವರಿಗೂ ಪುರುಸೊತ್ತಿಲ್ಲ ಬಿಡಿ, ಇಡೀ ದಿನ ಫಾರ್ಮ್ ತುಂಬುತ್ತಾರೆ.

ಅವತ್ತು ಸಂಜೆ ಹಾಸ್ಟೆಲ್ ಕಡೆ ಹೋಗಿದ್ದೆ. ಗೇಟಿನಿಂದ ಎರಡನೆಯ ಬೇವಿನ ಮರದಲ್ಲಿ, ಕೊಂಬೆ ಕವಲೊಡೆಯುವಲ್ಲಿ, ನಮ್ಮ ತಂತಿಯ ಒಂದು ಗೇಣು ಇನ್ನೂ ಇದೆ. ತೊಗಟೆ ಅದನ್ನು ಅರ್ಧ ನುಂಗಿದೆ. ಫೋಟೋ ತೆಗೆದು ಸರ್‌ಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಅದು ಎ ಏನ, ಬಿ ಏನ?"