ಕುರಿ ಸೀನಿದರೆ ನೆಗಡಿಯೇ ಅಂದುಕೊಳ್ಳಬೇಡಿ

ಗದಗ, ಹಾವೇರಿ ಕಡೆ ಬಿಸಿಲೇರಿದ ಹೊತ್ತಿಗೆ ಹಿಂಡಿನ ಕುರಿಗಳು ಮೇಯೋದು ಬಿಟ್ಟು, ಒಂದರ ಉಣ್ಣೆಯಲ್ಲಿ ಇನ್ನೊಂದು ಮೂಗು ತೂರಿಸಿ ನಿಂತರೆ ಮೂಗಿನ ನೊಣ ಬಂದಿದೆ ಅಂತ ಸಂಶಯಪಡಿ. ಈ ನೊಣ ಮೊಟ್ಟೆ ಇಡೋದಿಲ್ಲ. ಮೂಗಿನ ಹೊಳ್ಳೆಗೆ ನೇರವಾಗಿ ಜೀವಂತ ಮರಿಹುಳು ಸಿಡಿಸುತ್ತದೆ. ಸುಮಾರು 1 ಮಿಲಿಮೀಟರ್ ಇರುವ ಹುಳು ಹಣೆಯ ಪೊಳ್ಳಿಗೆ ಏರಿ 2–3 ಸೆಂಟಿಮೀಟರ್ ಬೆಳೆಯುತ್ತದೆ.

ಇದರ ಲಕ್ಷಣ: ಗಟ್ಟಿ ಸಿಂಬಳ, ಕೆಲವೊಮ್ಮೆ ರಕ್ತದ ಗೆರೆ, ಪದೇ ಪದೇ ಸೀನು, ತಲೆ ಕೊಡವುವುದು. ಜ್ವರ, ಬಾಯಿಹುಣ್ಣು, ಭೇದಿಯೂ ಇದ್ದರೆ ಅದು ಪಿಪಿಆರ್ ಎಂಬ ಕುರಿ-ಮೇಕೆಗಳ ವೈರಸ್ ರೋಗ ಇರಬಹುದು, ತಡಮಾಡದೆ ಡಾಕ್ಟರಿಗೆ ತೋರಿಸಿ. ಮೂಗಿನ ಹುಳು ಇರುವ ಕುರಿ ಕೆಲವೊಮ್ಮೆ ಸುತ್ತು ಹಾಕುತ್ತದೆ, ಅಲ್ಲೇ ಹೆಚ್ಚು ಮೋಸ ಹೋಗೋದು: ನಾಯಿಯ ಲಾಡಿಹುಳುವಿನಿಂದ ಮಿದುಳಿನಲ್ಲಾಗುವ ನೀರುಗುಳ್ಳೆಯೂ ಹೀಗೇ ಸುತ್ತಿಸುತ್ತದೆ. ಆದರೆ ಅದರಲ್ಲಿ ಸಿಂಬಳ ಇರೋದಿಲ್ಲ.

ಸಗಣಿ ಪರೀಕ್ಷೆಯಲ್ಲಿ ಮೂಗಿನ ಹುಳು ಸಿಗದು. ಖಚಿತವಾಗಬೇಕೆಂದರೆ ಸತ್ತ ಅಥವಾ ಕಡಿದ ಕುರಿಯ ತಲೆಯನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಮೂಗಿನೊಳಗಿನ ಸುರುಳಿ ಎಲುಬು, ಹಣೆಯ ಪೊಳ್ಳು ಎರಡನ್ನೂ ನೋಡಿ. ಬಲಿತ ಹುಳುವಿನ ಬೆನ್ನ ಮೇಲೆ ಕಪ್ಪು ಪಟ್ಟಿ, ಹಿಂತುದಿಯಲ್ಲಿ ಎರಡು ಕಪ್ಪು ಚುಕ್ಕೆ. ಚಿಕ್ಕವು ಸಿಂಬಳದಲ್ಲೇ ಮರೆಯಾಗುತ್ತವೆ. ನೀರಲ್ಲಿ ತೊಳೆದು ಕಪ್ಪು ತಟ್ಟೆಗೆ ಸುರುವಿ.

ಮದ್ದು: ಹುಳು ಕೊಲ್ಲುವ ಔಷಧ ಐವರ್ಮೆಕ್ಟಿನ್ (ಶೇ. 1ರದ್ದು), 50 ಕಿಲೋ ತೂಕಕ್ಕೆ 1 ಮಿಲಿ, ಚರ್ಮದಡಿ ಚುಚ್ಚುಮದ್ದು. ಅಂದರೆ 30 ಕಿಲೋ ಕುರಿಗೆ 0.6 ಮಿಲಿ. ಕಣ್ಣಂದಾಜಿನ ತೂಕದಲ್ಲಿ ಕಡಿಮೆ ಕೊಟ್ಟರೆ ಹುಳು ಉಳಿಯುತ್ತದೆ.